ಡೀಪ್-ಸ್ಕೈ ಛಾಯಾಗ್ರಹಣಕ್ಕೆ ಸಿಸಿಡಿಯೋ ಸಿಮಾಸೋ: ಕಲಬುರಗಿ, ಬೀದರ್, ಯಾದಗಿರಿ ಭಾಗದ ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಬಾರಿಗೆ ಕೂಲಿಂಗ್ ಇರುವ ಖಗೋಳ ಕ್ಯಾಮೆರಾ ಕೊಳ್ಳುತ್ತಿದ್ದೇನೆ. ಸಿಸಿಡಿ ತೆಗೆದುಕೊಳ್ಳಲೋ, ಸಿಮಾಸ್ ತೆಗೆದುಕೊಳ್ಳಲೋ?

ಸಿಸಿಡಿ, ಸಿಮಾಸ್ ಎರಡೂ ಕ್ಯಾಮೆರಾದೊಳಗೆ ಬೆಳಕನ್ನು ಅಂಕಿಯಾಗಿಸುವ ಸೆನ್ಸರ್‌ನ ಬಗೆಗಳು. ಹೊಸದಕ್ಕೆ ಹಣ ಹಾಕುವುದಾದರೆ ಸಿಮಾಸ್ ತೆಗೆದುಕೊಳ್ಳಿ. ಹತ್ತು-ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಇಷ್ಟು ನೇರವಾಗಿರಲಿಲ್ಲ. ಆಗ ಡೀಪ್-ಸ್ಕೈ, ಅಂದರೆ ಸೌರಮಂಡಲದಾಚೆಯ ನೀಹಾರಿಕೆ ಮತ್ತು ಗೆಲಾಕ್ಸಿಗಳ ಚಿತ್ರ ತೆಗೆಯುವವರ ಕೈಯಲ್ಲಿದ್ದ ಗಂಭೀರ ಉಪಕರಣವೆಂದರೆ ಸಿಸಿಡಿಯೇ ಆಗಿತ್ತು. ಅಂದಿನ ಪುಸ್ತಕಗಳಲ್ಲಿಯೂ ಹಳೆಯ ಚರ್ಚೆಗಳಲ್ಲಿಯೂ ಆ ಕಾಲದ ಸಲಹೆಯೇ ಉಳಿದುಕೊಂಡಿರುವುದರಿಂದ, ಈಗ ಓದುವ ಹೊಸಬರಿಗೆ ಗೊಂದಲವಾಗುವುದು ಸಹಜ. ಸಿಸಿಡಿಯನ್ನು ಇಂದೂ ಆರಿಸಿಕೊಳ್ಳಬಹುದಾದ ಒಂದೆರಡು ಸಂದರ್ಭಗಳಿವೆ. ಅವು ಮುಂದೆ ಬರುತ್ತವೆ.

ಎರಡೂ ಸಿಲಿಕಾನ್‌ನಿಂದಲೇ ಮಾಡಿದವು. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ?

ಬೆಳಕನ್ನು ಹಿಡಿಯುವ ಕ್ರಿಯೆಯಲ್ಲಿ ವ್ಯತ್ಯಾಸವಿಲ್ಲ. ಫೋಟಾನ್ ಒಂದು ಸಿಲಿಕಾನ್‌ಗೆ ಬಡಿದಾಗ ಎಲೆಕ್ಟ್ರಾನ್ ಒಂದು ಬಿಡುಗಡೆಯಾಗಿ ಪಿಕ್ಸೆಲ್‌ನಲ್ಲಿ ಕೂಡುತ್ತದೆ. ಎಕ್ಸ್‌ಪೋಷರ್ ಮುಗಿಯುವವರೆಗೆ ಎರಡೂ ಕಡೆ ನಡೆಯುವುದು ಇದೇ. ಕೂಡಿಟ್ಟದ್ದನ್ನು ಎಣಿಸುವ ಬಗೆಯಲ್ಲಿ ಮಾತ್ರ ದಾರಿಗಳು ಬೇರೆಯಾಗುತ್ತವೆ. ಸಿಸಿಡಿಯಲ್ಲಿ ಪ್ರತಿ ಸಾಲಿನ ಎಲೆಕ್ಟ್ರಾನ್‌ಗಳೂ ಒಂದು ಪಿಕ್ಸೆಲ್‌ನಿಂದ ಪಕ್ಕದ ಪಿಕ್ಸೆಲ್‌ಗೆ ಸರಿಯುತ್ತ ಚಿಪ್‌ನ ಒಂದು ಮೂಲೆಗೆ ಬಂದು, ಅಲ್ಲಿರುವ ಒಂದೇ ಆಂಪ್ಲಿಫೈಯರ್ ಮೂಲಕ ಅಳತೆಗೊಳ್ಳುತ್ತವೆ. ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಟ್ರಾನ್ಸಿಸ್ಟರ್‌ಗಳಿದ್ದು, ಪ್ರತಿ ಕಾಲಂಗೂ ಒಂದು ಪ್ರತ್ಯೇಕ ಡಿಜಿಟಲ್ ಪರಿವರ್ತಕವಿರುತ್ತದೆ. ಸಾವಿರಾರು ಪರಿವರ್ತಕಗಳು ಏಕಕಾಲಕ್ಕೆ ಕೆಲಸ ಮಾಡುವುದರಿಂದ ಪ್ರತಿಯೊಂದೂ ಅವಸರವಿಲ್ಲದೆ ಅಳೆಯಬಹುದು. ಒಂದೇ ಆಂಪ್ಲಿಫೈಯರ್ ಎಂಬತ್ತು ಲಕ್ಷ ಪಿಕ್ಸೆಲ್‌ಗಳನ್ನು ಓದಿ ಮುಗಿಸಬೇಕಾದಾಗ ಎರಡೇ ದಾರಿಗಳಿರುತ್ತವೆ: ನಿಧಾನವಾಗಿ ಓದಿ ಕಾಯುವುದು, ಇಲ್ಲವೇ ಬೇಗ ಓದಿ ಗದ್ದಲ, ಅಂದರೆ ನಾಯ್ಸ್, ಹೆಚ್ಚಿಸಿಕೊಳ್ಳುವುದು.

ಸಿಸಿಡಿಯನ್ನು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಅದಕ್ಕಾಗಿ 2009ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಇಂದಿನ ಸಿಮಾಸ್ ಸೆನ್ಸರ್‌ನ ತಳಪಾಯವನ್ನು 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫೋಸಮ್ ಅವರ ತಂಡ ಹಾಕಿತು. ಅನಂತರ ಮೊಬೈಲ್ ಫೋನ್‌ಗಳ ಮಾರುಕಟ್ಟೆ ಸಿಮಾಸ್ ಮೇಲೆ ಸುರಿದ ಬಂಡವಾಳದ ಫಲವನ್ನು ಖಗೋಳ ಹವ್ಯಾಸಿಗಳು ಈಗ ಉಣ್ಣುತ್ತಿದ್ದಾರೆ.

ರೀಡ್ ನಾಯ್ಸ್ ಎಂದು ಎಲ್ಲರೂ ಹೇಳುತ್ತಾರೆ. ಅದು ನನ್ನ ಚಿತ್ರಕ್ಕೆ ನಿಜವಾಗಿ ಮಾಡುವುದೇನು?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಪಿಕ್ಸೆಲ್ ಒಂದನ್ನು ಓದಿದ ಪ್ರತಿ ಸಲವೂ ಅಳತೆಯಲ್ಲಿ ಸೇರಿಕೊಳ್ಳುವ ಅನಿಶ್ಚಿತತೆಯೇ ರೀಡ್ ನಾಯ್ಸ್. ಸಂತೆಗೆ ಹೊರಟ ಪ್ರತಿ ಗಾಡಿಗೂ ನಾಕಾದಲ್ಲಿ ಒಂದೇ ಮೊತ್ತದ ಸುಂಕವಿದೆ ಎಂದುಕೊಳ್ಳಿ. ಗಾಡಿಯಲ್ಲಿ ಒಂದು ಚೀಲ ತೊಗರಿ ಇರಲಿ, ಇಪ್ಪತ್ತು ಚೀಲ ಇರಲಿ, ಸುಂಕ ಅಷ್ಟೇ. ಸುಂಕ ಹೆಚ್ಚಾಗಿರುವ ಊರಿಗೆ ಗಾಡಿ ತುಂಬಿಸಿಯೇ ಹೋಗಬೇಕಾಗುತ್ತದೆ, ಸುಂಕ ನಾಮಮಾತ್ರವಾಗಿದ್ದಲ್ಲಿಗೆ ಚೀಲದ ಲೆಕ್ಕದಲ್ಲಿಯೂ ಹೋಗಬಹುದು. ಸಿಸಿಡಿ ಮೊದಲನೆಯ ಊರು, ಸಿಮಾಸ್ ಎರಡನೆಯದು.

ಅಂಕಿಗಳಲ್ಲಿ ನೋಡೋಣ. ಹವ್ಯಾಸಿಗಳಲ್ಲಿ ಬಹಳ ಕಾಲ ಜನಪ್ರಿಯವಾಗಿದ್ದ ಕೊಡಾಕ್ ಕೆಎಎಫ್-8300 ಸಿಸಿಡಿಯುಳ್ಳ ಕ್ಯಾಮೆರಾಗಳಲ್ಲಿ ರೀಡ್ ನಾಯ್ಸ್ ಸುಮಾರು 8 ಎಲೆಕ್ಟ್ರಾನ್ ಇರುತ್ತದೆ. ಸೋನಿ ಐಎಂಎಕ್ಸ್ 571 ಎಂಬ ಸಿಮಾಸ್ ಸೆನ್ಸರ್‌ನಲ್ಲಿ ಸೂಕ್ತ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಇಟ್ಟಾಗ ಅದು ಸುಮಾರು 1.5 ಎಲೆಕ್ಟ್ರಾನ್. ಒಂದು ಬಿಡಿ ಚಿತ್ರದಲ್ಲಿ, ಅಂದರೆ ಒಂದು ಸಬ್‌ನಲ್ಲಿ, ಆಕಾಶದ ಹಿನ್ನೆಲೆಯ ಬೆಳಕಿನಿಂದ ಪ್ರತಿ ಪಿಕ್ಸೆಲ್‌ಗೆ ಬರುವ ಎಲೆಕ್ಟ್ರಾನ್‌ಗಳು ರೀಡ್ ನಾಯ್ಸ್‌ನ ವರ್ಗದ ಹತ್ತು ಪಟ್ಟು ಆಗುವಷ್ಟು ಹೊತ್ತು ಶಟರ್ ತೆರೆದಿಟ್ಟರೆ ರೀಡ್ ನಾಯ್ಸ್ ಲೆಕ್ಕಕ್ಕೆ ಬಾರದಂತಾಗುತ್ತದೆ ಎಂಬುದು ಬಳಕೆಯಲ್ಲಿರುವ ಸೂತ್ರ. ನಿಮ್ಮ ಆಕಾಶ ಪ್ರತಿ ಪಿಕ್ಸೆಲ್‌ಗೆ ಸೆಕೆಂಡಿಗೆ ಒಂದು ಎಲೆಕ್ಟ್ರಾನ್ ಕೊಡುತ್ತದೆ ಎಂದಿಟ್ಟುಕೊಂಡರೆ, ಸಿಮಾಸ್‌ಗೆ 1.5ರ ವರ್ಗ 2.25, ಅದರ ಹತ್ತು ಪಟ್ಟು ಎಂದರೆ 22-23 ಸೆಕೆಂಡ್ ಸಾಕು. ಸಿಸಿಡಿಗೆ 8ರ ವರ್ಗ 64, ಅಂದರೆ 640 ಸೆಕೆಂಡ್, ಹತ್ತು ನಿಮಿಷ ದಾಟಿತು. ಕೆಎಎಫ್-8300ರ ಪಿಕ್ಸೆಲ್ ದೊಡ್ಡದಾಗಿರುವುದರಿಂದ ಅದಕ್ಕೆ ತುಸು ರಿಯಾಯಿತಿ ಸಿಕ್ಕೀತು, ಆದರೂ ಅಂತರ ಅಂತರವೇ. ಹೈಡ್ರೋಜನ್-ಆಲ್ಫಾದಂತಹ, ಒಂದು ಬಣ್ಣದ ತೆಳು ಪಟ್ಟಿಯನ್ನಷ್ಟೇ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿದಾಗ ಆಕಾಶದ ಬೆಳಕು ಸೆಕೆಂಡಿಗೆ 0.05 ಎಲೆಕ್ಟ್ರಾನ್‌ಗೆ ಇಳಿದರೆ, ಇದೇ ಲೆಕ್ಕದಲ್ಲಿ ಸಿಮಾಸ್‌ಗೆ ಏಳೂವರೆ ನಿಮಿಷ, ಸಿಸಿಡಿಗೆ ಮೂರೂವರೆ ಗಂಟೆ. ಒಂದೇ ಸಬ್‌ಗೆ ಮೂರೂವರೆ ಗಂಟೆ ಯಾರೂ ಕೊಡುವುದಿಲ್ಲ. ಹಾಗಾಗಿ ಸಿಸಿಡಿ ಬಳಸುವವರು ಇಪ್ಪತ್ತು-ಮೂವತ್ತು ನಿಮಿಷಗಳ ಸಬ್‌ಗಳಿಗೆ ತೃಪ್ತಿಪಟ್ಟು, ಉಳಿದ ರೀಡ್ ನಾಯ್ಸ್ ಅನ್ನು ಸಹಿಸಿಕೊಳ್ಳುತ್ತಿದ್ದರು.

ನಮ್ಮ ಭಾಗಕ್ಕೆ ಈ ಅಂತರ ಏಕೆ ದೊಡ್ಡದು? ಇಪ್ಪತ್ತು ನಿಮಿಷ ನಕ್ಷತ್ರವನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಂಬಾಲಿಸುವ, ದೂರದರ್ಶಕವನ್ನು ಹೊರುವ ಮೌಂಟ್‌ಗೆ ಕ್ಯಾಮೆರಾಕ್ಕಿಂತ ಹೆಚ್ಚು ಬೆಲೆಯಿದೆ. ಬಯಲುಸೀಮೆಯ ಮಾಳಿಗೆಯ ಮೇಲೆ ಗಾಳಿ ಬೀಸಿದರೆ, ಕೆಳಗಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾದುಹೋದರೆ, ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಸಂಪರ್ಕ ತಪ್ಪಿದರೆ, ಅರ್ಧ ಗಂಟೆಯ ಸಬ್ ಪೂರ್ತಿ ಹಾಳು. ಒಂದು ನಿಮಿಷದ ಸಬ್ ಹಾಳಾದರೆ ಅದೊಂದನ್ನು ತೆಗೆದುಹಾಕಿ ಮುಂದೆ ಹೋಗಬಹುದು. ಸಾಧಾರಣ ಮೌಂಟ್ ಉಳ್ಳವರಿಗೆ ಡೀಪ್-ಸ್ಕೈ ಬಾಗಿಲು ತೆರೆದದ್ದು ಸಿಮಾಸ್‌ನ ಈ ಒಂದು ಗುಣದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂದರೆ ಸಿಮಾಸ್‌ನಲ್ಲಿ ಒಟ್ಟು ಸಮಯವೂ ಕಡಿಮೆ ಸಾಕೇ?

ಇಲ್ಲ. ಸಬ್ ಚಿಕ್ಕದಾಗುತ್ತದೆಯೇ ಹೊರತು ಒಟ್ಟು ಎಕ್ಸ್‌ಪೋಷರ್ ಅಲ್ಲ. ಮಸುಕಾದ ನೀಹಾರಿಕೆಗೆ ಐದಾರು ಗಂಟೆ ಬೇಕಿದ್ದರೆ ಅದು ಬೇಕೇ ಬೇಕು, ಏಕೆಂದರೆ ಫೋಟಾನ್‌ಗಳು ಬರುವ ವೇಗವನ್ನು ಯಾವ ಸೆನ್ಸರ್ ಕೂಡ ಬದಲಿಸಲಾರದು. ಹಿಂಬದಿಯಿಂದ ಬೆಳಕು ಪಡೆಯುವ ಹೊಸ ಸಿಮಾಸ್‌ಗಳ ಗ್ರಹಣ ದಕ್ಷತೆ, ಅಂದರೆ ಬಿದ್ದ ಬೆಳಕಿನಲ್ಲಿ ಹಿಡಿಯುವ ಪಾಲು, ಗರಿಷ್ಠ ಮಟ್ಟದಲ್ಲಿ ಶೇ. 80ನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ, ಕೆಎಎಫ್-8300ರದು ಶೇ. 60ರೊಳಗೆ ನಿಲ್ಲುತ್ತದೆ, ಆ ಮಟ್ಟಿನ ಉಳಿತಾಯ ಮಾತ್ರ ನಿಜ.

ನಮ್ಮ ಬೇಸಿಗೆಯಲ್ಲಿ ಈ ಕ್ಯಾಮೆರಾಗಳು ತಣ್ಣಗಾಗುತ್ತವೆಯೇ?

ಯುರೋಪ್, ಅಮೆರಿಕದವರು ಬರೆದ ವಿಮರ್ಶೆಗಳಲ್ಲಿ ಸಿಗದ ಪ್ರಶ್ನೆ ಇದು, ಆದರೆ ಕಲಬುರಗಿಯಲ್ಲಿ ಮೊದಲು ಕೇಳಬೇಕಾದದ್ದು ಇದೇ. ಖಗೋಳ ಕ್ಯಾಮೆರಾದ ಪೆಲ್ಟಿಯರ್ ಕೂಲರ್ ಸೆನ್ಸರ್ ಅನ್ನು ಸುತ್ತಲಿನ ಗಾಳಿಗಿಂತ ಇಂತಿಷ್ಟು ಡಿಗ್ರಿ ಕೆಳಗೆ ಇಳಿಸುತ್ತದೆಯೇ ವಿನಾ ನೇರವಾಗಿ ಮೈನಸ್ ಇಪ್ಪತ್ತಕ್ಕೆ ಒಯ್ಯುತ್ತದೆ ಎಂದಲ್ಲ. ಈಗಿನ ಹೆಚ್ಚಿನ ಮಾದರಿಗಳಲ್ಲಿ ಆ ಅಂತರ ಸುಮಾರು 35 ಡಿಗ್ರಿ. ಏಪ್ರಿಲ್-ಮೇ ತಿಂಗಳಲ್ಲಿ ಹಗಲಿನ ತಾಪಮಾನ 42 ಡಿಗ್ರಿ ದಾಟುವ ಊರಿನಲ್ಲಿ, ಇಡೀ ದಿನ ಕಾದ ಶಹಾಬಾದ್ ಕಲ್ಲಿನ ಮಾಳಿಗೆಯ ಮೇಲೆ, ರಾತ್ರಿ ಹತ್ತು ಗಂಟೆಗೂ ಗಾಳಿ 30 ಡಿಗ್ರಿಗಿಂತ ಮೇಲಿರುವುದು ಸಾಮಾನ್ಯ. ಅಲ್ಲಿಂದ 35 ಡಿಗ್ರಿ ಇಳಿದರೂ ತಲುಪುವುದು ಸೊನ್ನೆಯ ಆಸುಪಾಸು.

ಡಾರ್ಕ್ ಕರೆಂಟ್, ಅಂದರೆ ಬೆಳಕಿಲ್ಲದೆಯೂ ಶಾಖದಿಂದಲೇ ಹುಟ್ಟುವ ಎಲೆಕ್ಟ್ರಾನ್‌ಗಳ ಹರಿವು, ಸರಿಸುಮಾರು ಪ್ರತಿ 6 ಡಿಗ್ರಿ ಏರಿಕೆಗೆ ಇಮ್ಮಡಿಯಾಗುತ್ತದೆ. ಮೈನಸ್ 20ರಲ್ಲಿ ಚೊಕ್ಕಟವಾಗಿರುವ ಕೊಡಾಕ್ ಸಿಸಿಡಿಯನ್ನು ಮೈನಸ್ 2ರಲ್ಲಿ ನಡೆಸಿದರೆ ಡಾರ್ಕ್ ಕರೆಂಟ್ ಎಂಟು ಪಟ್ಟಾಗುತ್ತದೆ. ಸಬ್‌ಗಳು ಉದ್ದವಾಗಿರುವುದರಿಂದ, ಬೆಳಕಿಲ್ಲದೆಯೂ ಹೊಳೆಯುವ ಹಾಟ್ ಪಿಕ್ಸೆಲ್‌ಗಳ ಸಂತೆಯೇ ನೆರೆಯುತ್ತದೆ. ಐಎಂಎಕ್ಸ್ 571, 533ರಂತಹ ಸಿಮಾಸ್‌ಗಳ ಡಾರ್ಕ್ ಕರೆಂಟ್ ಮೂಲದಲ್ಲೇ ಎಷ್ಟು ಕಡಿಮೆಯೆಂದರೆ, ಸೊನ್ನೆ ಡಿಗ್ರಿಯಲ್ಲಿಯೂ ಅದು ಆಕಾಶದ ಬೆಳಕಿನ ಮುಂದೆ ನಗಣ್ಯ. ಬಿಸಿ ಊರಿನವರು ಹೊಸ ಸಿಮಾಸ್ ಆರಿಸಿಕೊಳ್ಳಲು ರೀಡ್ ನಾಯ್ಸ್ ನಂತರದ ಬಲವಾದ ಕಾರಣ ಇದು.

ಬಳಕೆಯ ಕ್ರಮ ಹೀಗಿರಲಿ: ಬೇಸಿಗೆಗೆ ಸೊನ್ನೆ ಡಿಗ್ರಿ, ಚಳಿಗಾಲಕ್ಕೆ ಮೈನಸ್ 10 ಎಂದು ಎರಡೇ ತಾಪಮಾನಗಳನ್ನು ಗೊತ್ತುಮಾಡಿಕೊಂಡು, ಆ ಎರಡಕ್ಕೂ, ಮುಚ್ಚಳ ಹಾಕಿ ತೆಗೆದು ಆಮೇಲೆ ಚಿತ್ರದಿಂದ ಕಳೆಯುವ ಡಾರ್ಕ್ ಫ್ರೇಮ್‌ಗಳನ್ನು ಒಮ್ಮೆ ತೆಗೆದಿಟ್ಟುಕೊಳ್ಳಿ. ಕೂಲರ್ ನೂರಕ್ಕೆ ನೂರು ಶಕ್ತಿಯಲ್ಲಿ ಓಡುತ್ತಿದ್ದರೆ ತಾಪಮಾನ ಸ್ಥಿರವಾಗಿ ನಿಲ್ಲುವುದಿಲ್ಲ, ಶೇ. 80ರೊಳಗೆ ನಿಲ್ಲುವಂತೆ ಗುರಿ ಇಡಿ. ಬೀದರ್‌ನವರಿಗೆ ಎತ್ತರದ ಪ್ರಸ್ಥಭೂಮಿಯ ಲಾಭವಿದೆ. ಅಲ್ಲಿಯ ಚಳಿಗಾಲದ ರಾತ್ರಿಗಳಲ್ಲಿ ಮೈನಸ್ 15 ಕೂಡ ಸುಲಭ.

ಕೂಲಿಂಗ್ ಇಲ್ಲದ ಕಡಿಮೆ ಬೆಲೆಯ ಸಿಮಾಸ್ ಸಾಲದೇ?

ಗ್ರಹ ಮತ್ತು ಚಂದ್ರನ ಚಿತ್ರಗಳಿಗೆ ಸಾಕು. ಡೀಪ್-ಸ್ಕೈಗೆ ಡಿಸೆಂಬರ್-ಜನವರಿಯಲ್ಲಿ ಹೇಗೋ ನಡೆದೀತು. ಬೇಸಿಗೆಯಲ್ಲಿ ಸೆನ್ಸರ್ 35 ಡಿಗ್ರಿಯಲ್ಲಿದ್ದರೆ, ಮೈನಸ್ 5ರಲ್ಲಿರುವ ಅದೇ ಸೆನ್ಸರ್‌ಗೆ ಹೋಲಿಸಿದಾಗ ಡಾರ್ಕ್ ಕರೆಂಟ್ ನೂರು ಪಟ್ಟು. ಜೊತೆಗೆ ರಾತ್ರಿ ಕಳೆದಂತೆ ತಾಪಮಾನ ಬದಲಾಗುವುದರಿಂದ ಡಾರ್ಕ್ ಫ್ರೇಮ್ ಹೊಂದುವುದೇ ಇಲ್ಲ.

ದೊಡ್ಡ ವೀಕ್ಷಣಾಲಯಗಳು ಇನ್ನೂ ಸಿಸಿಡಿಯನ್ನೇ ಬಳಸುತ್ತಿವೆಯಲ್ಲ? ಅದು ಉತ್ತಮವೆಂದೇ ಅಲ್ಲವೇ?

ಬಳಸುತ್ತಿವೆ, ನಿಜ. 2025ರಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ ಕ್ಯಾಮೆರಾದಲ್ಲಿ 189 ಸಿಸಿಡಿಗಳಿವೆ. ಲಡಾಖ್‌ನ ಹಾನ್ಲೆಯಲ್ಲಿರುವ ನಮ್ಮ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವೂ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸಿಸಿಡಿಯ ಮೂಲಕವೇ ಚಿತ್ರ ತೆಗೆಯುತ್ತದೆ. ಆದರೆ ಅವರು ಬಳಸುವ ಸಿಸಿಡಿಯೂ ನಮಗೆ ಸಿಗುತ್ತಿದ್ದ ಸಿಸಿಡಿಯೂ ಹೆಸರಿನಲ್ಲಿ ಮಾತ್ರ ಒಂದೇ. ಅವುಗಳಲ್ಲಿ ಹಲವು ಕೆಂಪು ಮತ್ತು ಅವಕೆಂಪಿನ ಅಂಚಿನವರೆಗೆ ಬೆಳಕು ಹಿಡಿಯಲೆಂದು ದಪ್ಪ ಸಿಲಿಕಾನ್‌ನಲ್ಲಿ ಪ್ರತ್ಯೇಕವಾಗಿ ಮಾಡಿಸಿದವು, ನಿರ್ವಾತ ಪಾತ್ರೆಯಲ್ಲಿಟ್ಟು ಮೈನಸ್ ನೂರು ಡಿಗ್ರಿಯ ಆಸುಪಾಸಿಗೆ ತಣಿಸಿದವು. ದೂರದರ್ಶಕದ ಕನ್ನಡಿಯೇ ಅಷ್ಟು ದೊಡ್ಡದಾಗಿರುವಾಗ ಬೆಳಕೂ ಧಾರಾಳ, ಹೀಗಾಗಿ ರೀಡ್ ನಾಯ್ಸ್‌ನ ಚಿಂತೆಯೂ ಕಡಿಮೆ. ಮಾಳಿಗೆಯ ಮೇಲಿನ 80 ಮಿ.ಮೀ. ಮಸೂರದ ದೂರದರ್ಶಕಕ್ಕೆ, ಅಂದರೆ ರಿಫ್ರಾಕ್ಟರ್‌ಗೆ ಆ ತರ್ಕ ಅನ್ವಯಿಸುವುದಿಲ್ಲ.

ಇಲ್ಲಿ ಒಂದು ಉಪಕಥೆ ಹೇಳಬಹುದು. ನಮ್ಮ ಮೂರೂ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯವು ಅಂತರರಾಷ್ಟ್ರೀಯ ಆಕಾಶ ನಕ್ಷೆ ಯೋಜನೆಯಲ್ಲಿ ದಕ್ಷಿಣ ಕ್ರಾಂತಿ (ಆಕಾಶದ ಅಕ್ಷಾಂಶ) 17ರಿಂದ 23 ಡಿಗ್ರಿವರೆಗಿನ ಪಟ್ಟಿಯನ್ನು ಗಾಜಿನ ಫಲಕಗಳ ಮೇಲೆ ಚಿತ್ರಿಸಿತು. ಅಂದಿನ ಫಲಕಗಳು ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ದಾಖಲಿಸುತ್ತಿದ್ದವು. ಸಿಸಿಡಿ ಬಂದಾಗ ಖಗೋಳ ವಿಜ್ಞಾನಿಗಳು ಅದನ್ನು ಅಷ್ಟು ಹಂಬಲದಿಂದ ಅಪ್ಪಿಕೊಂಡದ್ದು ಏಕೆಂದು ಇದರಿಂದ ಗೊತ್ತಾಗುತ್ತದೆ. ಸಿಸಿಡಿಯಿಂದ ಸಿಮಾಸ್‌ಗೆ ಆದ ನೆಗೆತ ಅದರ ಮುಂದೆ ಸಣ್ಣದೇ.

ಸಿಸಿಡಿ ತಯಾರಿಕೆ ನಿಂತುಹೋಗಿದೆ ಎನ್ನುವುದು ನಿಜವೇ?

ಹವ್ಯಾಸಿಗಳಿಗೆ ಸಂಬಂಧಿಸಿದಂತೆ ಹೆಚ್ಚುಕಡಿಮೆ ನಿಜ. ಸೋನಿ ಕಂಪನಿ ಸಿಸಿಡಿ ತಯಾರಿಕೆಯನ್ನು ಕೈಬಿಡುವ ತೀರ್ಮಾನವನ್ನು 2015ರಲ್ಲಿ ತಿಳಿಸಿತು. ಕೊಡಾಕ್‌ನ ಸೆನ್ಸರ್ ವಿಭಾಗ ಕೈ ಬದಲಾಯಿಸುತ್ತ ಆನ್ ಸೆಮಿಕಂಡಕ್ಟರ್‌ಗೆ ಸೇರಿ, ಕೆಲವು ವರ್ಷಗಳಲ್ಲಿ ಅಲ್ಲಿಯೂ ಸಿಸಿಡಿ ಸಾಲು ಮುಚ್ಚಿತು. ವೈಜ್ಞಾನಿಕ ಬಳಕೆಗೆ ವಿಶೇಷ ಸಿಸಿಡಿ ಮಾಡುವವರು ಈಗಲೂ ಇದ್ದಾರೆ, ಆದರೆ ಅವರ ಬೆಲೆಗಳು ನಮ್ಮ ಮಾತಿನ ವ್ಯಾಪ್ತಿಯಲ್ಲಿಲ್ಲ.

ಸಿಸಿಡಿ 16 ಬಿಟ್, ಸಿಮಾಸ್ 12 ಅಥವಾ 14 ಬಿಟ್. ಬಣ್ಣದ ಛಾಯೆಗಳು ಕಳೆದುಹೋಗುವುದಿಲ್ಲವೇ?

ಬಿಟ್ ಹೆಚ್ಚಿದಷ್ಟೂ ದಾಖಲಿಸಬಲ್ಲ ಹೊಳಪಿನ ಹಂತಗಳು ಹೆಚ್ಚು. ಐಎಂಎಕ್ಸ್ 571 ಮತ್ತು ಫುಲ್ ಫ್ರೇಮ್‌ನ ಐಎಂಎಕ್ಸ್ 455 ಎರಡೂ 16 ಬಿಟ್‌ನವು, ಹಾಗಾಗಿ ಈ ಆಕ್ಷೇಪಕ್ಕೆ ಮೊದಲಿನ ಬಲವಿಲ್ಲ. 14 ಬಿಟ್‌ನ ಐಎಂಎಕ್ಸ್ 533ರಲ್ಲಿಯೂ ನೂರಾರು ಸಬ್‌ಗಳನ್ನು ಸ್ಟ್ಯಾಕ್ ಮಾಡಿದಾಗ, ಅಂದರೆ ಒಂದರ ಮೇಲೊಂದು ಕೂಡಿಸಿದಾಗ, ಛಾಯೆಗಳ ಸೂಕ್ಷ್ಮತೆ ತಾನಾಗಿಯೇ ಹೆಚ್ಚುತ್ತದೆ. ಸಿಸಿಡಿಯ ಪಿಕ್ಸೆಲ್ ಹೆಚ್ಚು ಎಲೆಕ್ಟ್ರಾನ್ ಹಿಡಿಯುತ್ತದೆ ಎಂಬ ಮಾತೂ ಎಲ್ಲ ಕಡೆ ನಿಲ್ಲುವುದಿಲ್ಲ: 5.4 ಮೈಕ್ರಾನ್‌ನ ಕೆಎಎಫ್-8300 ಪಿಕ್ಸೆಲ್ ಸುಮಾರು 25 ಸಾವಿರ ಎಲೆಕ್ಟ್ರಾನ್‌ಗೆ ತುಂಬಿದರೆ, 3.76 ಮೈಕ್ರಾನ್‌ನ ಐಎಂಎಕ್ಸ್ 571 ಅತಿ ಕಡಿಮೆ ಗೇನ್‌ನಲ್ಲಿ ಸುಮಾರು 50 ಸಾವಿರ ಹಿಡಿಯುತ್ತದೆ. ಗೇನ್ ಏರಿಸಿ ರೀಡ್ ನಾಯ್ಸ್ ತಗ್ಗಿಸಿದಾಗ ಈ ಸಂಖ್ಯೆ ಸುಮಾರು 16 ಸಾವಿರಕ್ಕೆ ಇಳಿಯುತ್ತದೆ ಎಂಬುದನ್ನೂ ಹೇಳಬೇಕು. ಆಗ ಪ್ರಕಾಶಮಾನ ನಕ್ಷತ್ರಗಳ ನಡುಭಾಗ ಬೇಗ ಬೆಳ್ಳಗಾಗುತ್ತದೆ. ಸಬ್‌ಗಳನ್ನು ಚಿಕ್ಕದಾಗಿಸುವುದೇ ಅದಕ್ಕೆ ಮದ್ದು. ಒರಾಯನ್ ಮಹಾ ನೀಹಾರಿಕೆಯ ನಡುಭಾಗವನ್ನು ಉಳಿಸಿಕೊಳ್ಳಲು ಹತ್ತು ಸೆಕೆಂಡ್‌ಗಳ ಸಬ್‌ಗಳನ್ನು ಪ್ರತ್ಯೇಕವಾಗಿ ತೆಗೆದು ಸೇರಿಸುವುದು ವಾಡಿಕೆ.

ನನ್ನ ದೂರದರ್ಶಕಕ್ಕೆ ಯಾವ ಅಳತೆಯ ಪಿಕ್ಸೆಲ್ ಹೊಂದುತ್ತದೆ?

ಪಿಕ್ಸೆಲ್‌ನ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ದೂರದರ್ಶಕದ ನಾಭಿದೂರದಿಂದ (ಮಿ.ಮೀ.ಗಳಲ್ಲಿ) ಭಾಗಿಸಿದರೆ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್ ಸೆಕೆಂಡ್ ಆವರಿಸುತ್ತದೆ ಎಂಬುದು ಸಿಗುತ್ತದೆ. 400 ಮಿ.ಮೀ. ನಾಭಿದೂರದ ರಿಫ್ರಾಕ್ಟರ್‌ಗೆ 3.76 ಮೈಕ್ರಾನ್ ಪಿಕ್ಸೆಲ್ ಇಟ್ಟರೆ ಸುಮಾರು 1.9 ಆರ್ಕ್ ಸೆಕೆಂಡ್. ನಮ್ಮ ವಾತಾವರಣದ ಕದಲಿಕೆಗೆ ಇದು ಒಳ್ಳೆಯ ಹೊಂದಿಕೆ. ಅದೇ ಜೋಡಿಯಲ್ಲಿ ಐಎಂಎಕ್ಸ್ 571ರ ನೋಟ 3.3 ಡಿಗ್ರಿಗೂ ಅಗಲ, ಆಂಡ್ರೊಮಿಡಾ ಗೆಲಾಕ್ಸಿ ಪೂರ್ತಿ ಹಿಡಿಸುತ್ತದೆ. ಚೌಕಾಕಾರದ ಐಎಂಎಕ್ಸ್ 533ರಲ್ಲಿ ಅದು 1.6 ಡಿಗ್ರಿಗೆ ಇಳಿಯುವುದರಿಂದ ಆಂಡ್ರೊಮಿಡಾ ಹಿಡಿಸದು, ಆದರೆ ಹೆಚ್ಚಿನ ನೀಹಾರಿಕೆಗಳಿಗೆ ಸಾಕು.

2000 ಮಿ.ಮೀ. ನಾಭಿದೂರದ ಉದ್ದ ದೂರದರ್ಶಕ ಉಳ್ಳವರಿಗೆ 9 ಮೈಕ್ರಾನ್‌ನಂತಹ ದೊಡ್ಡ ಪಿಕ್ಸೆಲ್‌ನ ಕೆಎಎಫ್-16803 ಸಿಸಿಡಿ ಒಂದು ಕಾಲದಲ್ಲಿ ಆದರ್ಶವಾಗಿತ್ತು. ದೊಡ್ಡ ಪಿಕ್ಸೆಲ್‌ನ ಸಿಮಾಸ್‌ಗಳು ಖಗೋಳ ಮಾರುಕಟ್ಟೆಯಲ್ಲಿ ಕಡಿಮೆ, ಆದ್ದರಿಂದ ಸಣ್ಣ ಪಿಕ್ಸೆಲ್‌ಗಳನ್ನು ಬಿನ್ ಮಾಡಬೇಕಾಗುತ್ತದೆ, ಅಂದರೆ ಹಲವನ್ನು ಒಂದಾಗಿ ಕೂಡಿಸಬೇಕಾಗುತ್ತದೆ. ಸಿಸಿಡಿಯಲ್ಲಿ ನಾಲ್ಕು ಪಿಕ್ಸೆಲ್‌ಗಳ ಎಲೆಕ್ಟ್ರಾನ್‌ಗಳನ್ನು ಚಿಪ್‌ನ ಮೇಲೆಯೇ ಒಂದುಗೂಡಿಸಿ ಒಂದೇ ಸಲ ಓದಬಹುದಾದ್ದರಿಂದ ರೀಡ್ ನಾಯ್ಸ್ ಒಮ್ಮೆ ಮಾತ್ರ ಸೇರುತ್ತದೆ. ಸಿಮಾಸ್‌ನಲ್ಲಿ ನಾಲ್ಕನ್ನೂ ಬೇರೆಬೇರೆ ಓದಿ ಆಮೇಲೆ ಕೂಡಿಸುವುದರಿಂದ ರೀಡ್ ನಾಯ್ಸ್ ಇಮ್ಮಡಿಯಾಗುತ್ತದೆ. ಈ ಒಂದು ವಿಷಯದಲ್ಲಿ ಸಿಸಿಡಿಯ ವಿನ್ಯಾಸ ಮೇಲು ಎಂದು ಒಪ್ಪಬೇಕು, ಆದರೂ 1.5ರ ಇಮ್ಮಡಿ 3, ಅದು 8ಕ್ಕಿಂತ ಕಡಿಮೆಯೇ.

ಆಂಪ್ ಗ್ಲೋ ಬಗ್ಗೆ ಹೆದರಬೇಕೇ? ಡಾರ್ಕ್, ಬಯಾಸ್, ಫ್ಲಾಟ್‌ಗಳ ಕ್ರಮ ಎರಡಕ್ಕೂ ಒಂದೇ ಆಗಿದೆಯೇ?

ಸೆನ್ಸರ್‌ನ ಒಳಗಿನ ಸರ್ಕ್ಯೂಟ್ ಬಿಸಿಯಾಗಿ ಅಥವಾ ಮಿನುಗಿ ಚಿತ್ರದ ಅಂಚಿನಲ್ಲಿ ಕಾಣುವ ಬಿಳಿ ಮಬ್ಬೇ ಆಂಪ್ ಗ್ಲೋ. ಐಎಂಎಕ್ಸ್ 294 ಮತ್ತು 183ರಲ್ಲಿ ಇದು ಎದ್ದು ಕಾಣುತ್ತದೆ. 183ರ ಐದು ನಿಮಿಷದ ಡಾರ್ಕ್ ಫ್ರೇಮ್ ಅನ್ನು, ಮಸುಕು ಭಾಗ ಕಾಣುವಂತೆ ಹೊಳಪು ಏರಿಸಿ (ಸ್ಟ್ರೆಚ್ ಮಾಡಿ) ನೋಡಿದರೆ ಬಲ ಅಂಚಿನಿಂದ ಕಿರಣಗಳು ಚೆಲ್ಲಿದಂತೆ ತೋರುತ್ತದೆ. 533, 571, 455ರಲ್ಲಿ ಈ ತೊಂದರೆ ಇಲ್ಲ. ಇದ್ದರೂ ಸರಿಯಾದ ಡಾರ್ಕ್ ಫ್ರೇಮ್‌ನಿಂದ ಕಳೆಯಬಹುದು, ಆದರೆ "ಸರಿಯಾದ" ಎಂಬುದಕ್ಕೆ ಸಿಮಾಸ್‌ನಲ್ಲಿ ಕಟ್ಟುನಿಟ್ಟಿನ ಅರ್ಥವಿದೆ: ತಾಪಮಾನ, ಗೇನ್, ಆಫ್‌ಸೆಟ್, ಸಮಯ ನಾಲ್ಕೂ ಸಬ್‌ನೊಂದಿಗೆ ಹೊಂದಬೇಕು. ಸಿಸಿಡಿಯಲ್ಲಿ ಬಯಾಸ್ (ಅತಿ ಚಿಕ್ಕ ಸಮಯದ, ಬೆಳಕಿಲ್ಲದ ಫ್ರೇಮ್) ಕಳೆದು ಇಪ್ಪತ್ತು ನಿಮಿಷದ ಡಾರ್ಕ್ ಅನ್ನು ಹತ್ತು ನಿಮಿಷದ ಸಬ್‌ಗೆ ಇಳಿಸಿ ಬಳಸುವ ಪದ್ಧತಿಯಿತ್ತು. ಆಂಪ್ ಗ್ಲೋ ಇರುವ ಸಿಮಾಸ್‌ನಲ್ಲಿ ಅದು ನಡೆಯದು. ಕೆಲವು ಸಿಮಾಸ್‌ಗಳಲ್ಲಿ ಅತಿ ಚಿಕ್ಕ ಎಕ್ಸ್‌ಪೋಷರ್‌ನ ಬಯಾಸ್ ಕೂಡ ನಂಬಿಕೆಗೆ ಅರ್ಹವಲ್ಲ, ಹಾಗಾಗಿ, ಧೂಳಿನ ಕಲೆ ಮತ್ತು ಅಂಚಿನ ಮಬ್ಬು ಸರಿಪಡಿಸಲು ಸಮನಾದ ಬೆಳಕಿಗೆ ತೆಗೆಯುವ ಫ್ಲಾಟ್‌ನಷ್ಟೇ ಸಮಯದ ಡಾರ್ಕ್ ಫ್ಲಾಟ್‌ಗಳನ್ನು ತೆಗೆಯುವುದು ಕ್ಷೇಮ. 294 ಬಳಸುವವರು ಫ್ಲಾಟ್ ಎಕ್ಸ್‌ಪೋಷರ್ ಅನ್ನು ಕೆಲವು ಸೆಕೆಂಡ್‌ಗಳಷ್ಟು ಉದ್ದವಾಗಿ ಇಡಬೇಕು.

ಪ್ರತಿ ಕೆಲವು ಸಬ್‌ಗಳಿಗೊಮ್ಮೆ ದೂರದರ್ಶಕವನ್ನು ಕೆಲವು ಪಿಕ್ಸೆಲ್‌ಗಳಷ್ಟು ಸರಿಸುವ ಡಿದರಿಂಗ್ ಎರಡಕ್ಕೂ ಬೇಕು, ಸಿಮಾಸ್‌ಗೆ ಕಡ್ಡಾಯ. ಅದನ್ನು ಬಿಟ್ಟರೆ ಸ್ಟ್ಯಾಕ್ ಮಾಡಿದ ಚಿತ್ರದಲ್ಲಿ ಓರೆ ಗೀರುಗಳ ಮಳೆ ಸುರಿದಂತೆ ಕಾಣುತ್ತದೆ.

ಊರೊಳಗಿಂದ ಚಿತ್ರ ತೆಗೆಯಲು ಬಣ್ಣದ ಸೆನ್ಸರ್ ಒಳ್ಳೆಯದೋ, ಮೋನೋ ಒಳ್ಳೆಯದೋ?

ಬಣ್ಣ ಗುರುತಿಸದ, ಕಪ್ಪು-ಬಿಳುಪಿನ ಮೋನೋ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್‌ಗೂ ಫಿಲ್ಟರ್‌ನ ಪೂರ್ತಿ ಬೆಳಕು ಸಿಗುತ್ತದೆ. ಬಣ್ಣದ ಸೆನ್ಸರ್‌ನಲ್ಲಿ 656.3 ನ್ಯಾನೊಮೀಟರ್‌ನ ಹೈಡ್ರೋಜನ್-ಆಲ್ಫಾ ಬೆಳಕನ್ನು ಹಿಡಿಯುವುದು ನಾಲ್ಕರಲ್ಲಿ ಒಂದು ಕೆಂಪು ಪಿಕ್ಸೆಲ್ ಮಾತ್ರ. ಸಿದ್ಧಾಂತದಲ್ಲಿ ಮೋನೋ ಗೆಲ್ಲುತ್ತದೆ. ಆದರೆ ಫಿಲ್ಟರ್ ವ್ಹೀಲ್ ಮತ್ತು ಒಳ್ಳೆಯ ಫಿಲ್ಟರ್‌ಗಳ ಖರ್ಚು ಸೇರಿದರೆ ಮೊತ್ತ ಸುಮಾರಾಗಿ ಇಮ್ಮಡಿಯಾಗುತ್ತದೆ. ಹೈಡ್ರೋಜನ್-ಆಲ್ಫಾ ಮತ್ತು ಆಕ್ಸಿಜನ್-3 ಎರಡನ್ನೂ ಒಟ್ಟಿಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಒಂದನ್ನು ಬಣ್ಣದ ಕ್ಯಾಮೆರಾಕ್ಕೆ ಹಾಕಿದರೆ ಕಲಬುರಗಿ ನಗರದೊಳಗಿಂದಲೇ ರೋಸೆಟ್, ಲಗೂನ್ ನೀಹಾರಿಕೆಗಳನ್ನು ಹಿಡಿಯಬಹುದು. ಹಳೆಯ ಸೋಡಿಯಂ ದೀಪದ ಬೆಳಕನ್ನು ಕತ್ತರಿಸಲೆಂದು ಮಾಡಿದ ಫಿಲ್ಟರ್‌ಗಳು ಈಗಿನ ಎಲ್‌ಇಡಿ ಬೀದಿದೀಪಗಳ ಮುಂದೆ ಸೋತಿವೆ, ಅವುಗಳಿಗೆ ಹಣ ಹಾಕಬೇಡಿ.

ಗೆಲಾಕ್ಸಿಗಳಿಗೆ ಯಾವ ಫಿಲ್ಟರ್ ಕೂಡ ನೆರವಾಗದು, ಏಕೆಂದರೆ ಅವುಗಳ ಬೆಳಕು ಎಲ್ಲ ತರಂಗಾಂತರಗಳಲ್ಲಿ ಹರಡಿದೆ. ಅದಕ್ಕೆ ಊರು ಬಿಟ್ಟು ಹೋಗಬೇಕು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳ ಬೆಳಕೂ ಧೂಳೂ ಇದ್ದು, ಚಿಂಚೋಳಿಯ ಕಾಡಿನಂಚು, ಸುರಪುರ-ಶಹಾಪುರದ ಹೊಲಗಳು, ಔರಾದ್ ಕಡೆಯ ಬಯಲು ಇವೇ ವಾಸಿ. ಎಳ್ಳಮಾಸೆಗೆ ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಪದ್ಧತಿಯಿದೆ. ಚಂದ್ರನಿಲ್ಲದ, ಮೋಡವಿಲ್ಲದ, ತಣ್ಣನೆಯ ಆ ರಾತ್ರಿಗಿಂತ ಒಳ್ಳೆಯ ಮುಹೂರ್ತ ವರ್ಷದಲ್ಲಿ ಇನ್ನೊಂದು ಸಿಗುವುದು ಕಷ್ಟ. ಮಾರ್ಚ್-ಏಪ್ರಿಲ್‌ನಲ್ಲಿ ದಕ್ಷಿಣ ದಿಗಂತ ತೆರೆದಿರುವ ಹೊಲ ಸಿಕ್ಕರೆ, ನಮ್ಮ 17 ಡಿಗ್ರಿ ಅಕ್ಷಾಂಶದಿಂದ ಒಮೆಗಾ ಸೆಂಟಾರಿ ಗುಚ್ಛ 25 ಡಿಗ್ರಿಯಷ್ಟು ಎತ್ತರಕ್ಕೂ ಕರೀನಾ ನೀಹಾರಿಕೆ 13 ಡಿಗ್ರಿಯಷ್ಟು ಎತ್ತರಕ್ಕೂ ಬರುತ್ತವೆ.

ಯಾರೋ ಹಳೆಯ ಸಿಸಿಡಿಯನ್ನು ಅಗ್ಗಕ್ಕೆ ಕೊಡುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಮೌಂಟ್ ಗಟ್ಟಿಯಾಗಿದ್ದು, ಗೈಡಿಂಗ್ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟ್ ಅನ್ನು ತಿದ್ದುತ್ತಿರುವುದು) ಪಳಗಿದ್ದರೆ, ಬೆಲೆ ಹೊಸ 533ರ ಕಾಲುಭಾಗದೊಳಗೆ ಇದ್ದರೆ ತೆಗೆದುಕೊಳ್ಳಬಹುದು. ಸೋನಿಯ ಐಸಿಎಕ್ಸ್ 694 ಸೆನ್ಸರ್‌ನ ಕ್ಯಾಮೆರಾ ಆಗಿದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅದರ ರೀಡ್ ನಾಯ್ಸ್ 5 ಎಲೆಕ್ಟ್ರಾನ್‌ನ ಸುತ್ತ, ಡಾರ್ಕ್ ಕರೆಂಟ್ ಬಹಳ ಕಡಿಮೆ, ಚಿತ್ರ ಇಂದಿಗೂ ನುಣುಪು.

ದುಡ್ಡು ಕೊಡುವ ಮುನ್ನ ಮುಂದೆಯೇ ಕುಳಿತು ಪರೀಕ್ಷಿಸಿ. ಕೂಲರ್ ಹಾಕಿ ಅರ್ಧ ಗಂಟೆ ಬಿಟ್ಟು, ಹೇಳಿದಷ್ಟು ಡಿಗ್ರಿ ಇಳಿಯುತ್ತದೆಯೇ ನೋಡಿ. ಆಮೇಲೆ ಟಾರ್ಚ್ ಅನ್ನು ಓರೆಯಾಗಿ ಹಿಡಿದು ಸೆನ್ಸರ್ ಮುಂದಿನ ಗಾಜನ್ನು ಇಣುಕಿ: ನಡುವೆ ಮಂಜಿನ ಮಬ್ಬು ಅಥವಾ ಜರಿಗಿಡದ ಎಲೆಯಂತಹ ಹರಳುಗಳು ಮೂಡಿದ್ದರೆ ಒಳಗೆ ತೇವ ಹೊಕ್ಕಿದೆ ಎಂದರ್ಥ. ಪಕ್ಕದ ಚಿಕ್ಕ ತಿರುಪು ಬಿಚ್ಚಿದರೆ ಸಿಲಿಕಾ ಜೆಲ್ ತುಂಬಿದ ಬುರುಡೆ ಸಿಗುತ್ತದೆ, ಅದನ್ನು ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಅದರಿಂದಲೂ ಸರಿಹೋಗದಿದ್ದರೆ ಸೀಲ್ ಹೋಗಿದೆ, ಆ ಕ್ಯಾಮೆರಾ ಬೇಡ. ಕೆಎಎಫ್ ಸರಣಿಯಲ್ಲಿ ಯಾಂತ್ರಿಕ ಶಟರ್ ಇರುವುದರಿಂದ ಅದು ಅಂಟಿಕೊಳ್ಳದೆ ತೆರೆದು ಮುಚ್ಚುತ್ತದೆಯೇ ಎಂದು ಹತ್ತಾರು ಸಲ ಪರೀಕ್ಷಿಸಿ. ಕೊನೆಯದಾಗಿ, ನಿಮ್ಮ ಈಗಿನ ವಿಂಡೋಸ್‌ನಲ್ಲಿ ಅದರ ಡ್ರೈವರ್ ಕೂರುತ್ತದೆಯೇ ಎಂದು ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ನೋಡಿ. ಹಳೆಯ ಸಿಸಿಡಿಗಳು ಚೆನ್ನಾಗಿದ್ದೂ ಮೂಲೆ ಸೇರಿರುವುದು ಎಷ್ಟೋ ಸಲ ಡ್ರೈವರ್‌ನ ಕಾರಣಕ್ಕೇ. ದುರಸ್ತಿಗೆ ಬಿಡಿಭಾಗ ಸಿಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ.

ಕರೆಂಟ್, ಧೂಳು, ಕಂಪ್ಯೂಟರ್ ಬಗ್ಗೆ ಏನು ಗಮನಿಸಬೇಕು?

ಕೂಲರ್ ಪೂರ್ತಿ ಓಡುವಾಗ ಹೆಚ್ಚಿನ ಕ್ಯಾಮೆರಾಗಳು 12 ವೋಲ್ಟ್‌ನಲ್ಲಿ 3 ಆಂಪಿಯರ್‌ವರೆಗೆ ಎಳೆಯುತ್ತವೆ. ಮನೆಯ ಇನ್ವರ್ಟರ್‌ಗಿಂತ 12 ವೋಲ್ಟ್‌ನ ಪ್ರತ್ಯೇಕ ಲಿಥಿಯಂ ಬ್ಯಾಟರಿಯೇ ನೆಮ್ಮದಿ. ಕರೆಂಟ್ ಹೋಗುವುದೂ ಬರುವುದೂ ಕ್ಯಾಮೆರಾಕ್ಕೆ ತಿಳಿಯುವುದೇ ಇಲ್ಲ.

ಸಿಮಾಸ್‌ನ ನಿಜವಾದ ಮರೆಮಾಚಿದ ಖರ್ಚು ಡಿಸ್ಕ್ ಜಾಗ. 571ರ ಒಂದು ಸಬ್ ಸುಮಾರು 52 ಎಂಬಿ. ಒಂದು ನಿಮಿಷದ ಸಬ್‌ಗಳನ್ನು ಐದು ಗಂಟೆ ತೆಗೆದರೆ 300 ಕಡತಗಳು, 15 ಜಿಬಿಗೂ ಮಿಕ್ಕಿ. ಕೆಎಎಫ್-8300ರಲ್ಲಿ ಹತ್ತು ನಿಮಿಷದ 30 ಸಬ್‌ಗಳು ಅರ್ಧ ಜಿಬಿಯಲ್ಲಿ ಮುಗಿಯುತ್ತವೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಎಂಬ ತಂತ್ರಾಂಶ ಓಡಿಸಿ 300 ಕಡತ ಸ್ಟ್ಯಾಕ್ ಮಾಡಲು ರಾತ್ರಿಯೆಲ್ಲ ಬಿಡಬೇಕಾದೀತು. ಕ್ಯಾಮೆರಾದ ಬಜೆಟ್‌ನಲ್ಲೇ ಒಂದು ಎಸ್‌ಎಸ್‌ಡಿಯನ್ನೂ ಸೇರಿಸಿಕೊಳ್ಳಿ.

ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟಿನ ಧೂಳು ಕಿಲೋಮೀಟರ್‌ಗಟ್ಟಲೆ ತೇಲುತ್ತದೆ. ಹೊಲದಲ್ಲಿ ಕ್ಯಾಮೆರಾ ಬಿಚ್ಚಿ ಫಿಲ್ಟರ್ ಬದಲಿಸಬೇಡಿ, ಫ್ಲಾಟ್ ತೆಗೆಯುವುದನ್ನು ತಪ್ಪಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಈಗಾಗಲೇ ಡಿಎಸ್‌ಎಲ್‌ಆರ್ ಇದೆ. ಅದೂ ಸಿಮಾಸ್ ಅಲ್ಲವೇ?

ಹೌದು, ಈಚಿನ ಎಲ್ಲವೂ ಸಿಮಾಸ್. ಒಂದು ಚಳಿಗಾಲ ಪೂರ್ತಿ ಅದರಲ್ಲೇ ಕೆಲಸ ಮಾಡಿ. ಉಳಿಸಿದ ಹಣವನ್ನು ಮೌಂಟ್‌ಗೆ ಹಾಕಿ. ಅದರ ದೌರ್ಬಲ್ಯ ಎರಡು: ಕೂಲಿಂಗ್ ಇಲ್ಲ, ಮತ್ತು ಒಳಗಿನ ಫಿಲ್ಟರ್ ಹೈಡ್ರೋಜನ್-ಆಲ್ಫಾ ಕೆಂಪಿನ ಹೆಚ್ಚಿನ ಪಾಲನ್ನು ತಡೆಯುತ್ತದೆ. ನಕ್ಷತ್ರಗುಚ್ಛ, ಗೆಲಾಕ್ಸಿ, ಒರಾಯನ್ ನೀಹಾರಿಕೆಗಳಿಗೆ ಇದರಿಂದ ದೊಡ್ಡ ಅಡ್ಡಿಯಿಲ್ಲ. ಕೆಂಪು ನೀಹಾರಿಕೆಗಳಿಗೆ ಇದೆ.

ಚಿತ್ರಕ್ಕಲ್ಲ, ಬದಲಾಗುವ ನಕ್ಷತ್ರಗಳ ಹೊಳಪು ಅಳೆಯಲು ಕ್ಯಾಮೆರಾ ಬೇಕು. ಆಗಲೂ ಇದೇ ಉತ್ತರವೇ?

ಬಹುಮಟ್ಟಿಗೆ ಇದೇ. ಹೊಳಪಿನ ಮಾಪನಕ್ಕೆ ಬೇಕಾದದ್ದು ಬೆಳಕಿಗೂ ಅಂಕಿಗೂ ನೇರ ಅನುಪಾತ. ಅದು ಸಿಸಿಡಿಯಲ್ಲಿ ಹೆಸರುವಾಸಿ, ಹೊಸ ಸಿಮಾಸ್‌ಗಳಲ್ಲಿಯೂ ಪಿಕ್ಸೆಲ್ ತುಂಬುವ ಹಂತದವರೆಗೆ ಚೆನ್ನಾಗಿಯೇ ಇದೆ. ಮೋನೋ ಸೆನ್ಸರ್, ಪ್ರಮಾಣಿತ ವಿ (ಹಸಿರು-ಹಳದಿ ಬೆಳಕಿನ) ಫಿಲ್ಟರ್, ಬದಲಾಗದ ಒಂದೇ ಗೇನ್ ಇಷ್ಟಿದ್ದರೆ ಸಾಕು. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಸಿಸಿಡಿ ಕೈಗೆ ಸಿಕ್ಕವರಿಗೆ ಅದರ ಅತ್ಯುತ್ತಮ ಬಳಕೆ ಇಲ್ಲಿಯೇ ಇದೆ ಎನ್ನಬಹುದು, ಏಕೆಂದರೆ ಹೊಳೆಯುವ ನಕ್ಷತ್ರಗಳ ಮಾಪನದಲ್ಲಿ ಬೆಳಕಿನ ಕೊರತೆ ಇಲ್ಲದಿರುವುದರಿಂದ 8 ಎಲೆಕ್ಟ್ರಾನ್‌ನ ರೀಡ್ ನಾಯ್ಸ್ ಅಡ್ಡ ಬರುವುದಿಲ್ಲ.